ನಿಮ್ಮ ಹೀರೋ ಏನು ಮಾಡಿದ, ಹೇಳಿ ನೋಡೋಣ

'ಇಂದಿನ ಹುಡುಗ ಹುಡುಗಿಯರಿಗೆ ಆದರ್ಶ ಯಾರು?' ಎಂದು ಕಳೆದ ಸಂಚಿಕೆಯಲ್ಲಿ ಸಂಪಾದಕರು ಕೇಳಿದ್ದೇ ತಡ, ಶಿವಮೊಗ್ಗ ಜಿಲ್ಲೆಯ ಮೂಲೆ ಮೂಲೆಯಿಂದ ಪತ್ರಗಳು ಬಂದಿವೆ. ಹಿರಿಯರ ಪತ್ರಗಳ ತುಂಬ ದೂರು, ಕಿರಿಯರ ಪತ್ರಗಳ ತುಂಬ ಅನುಮಾನ. ಅನುಮಾನ ಇರುವವರ ಜೊತೆ ಮಾತನಾಡುವುದು ನನಗೆ ಹೆಚ್ಚು ಇಷ್ಟ. ಆದರೂ ದೊಡ್ಡವರಿಗೆ ಮೊದಲ ಮಣೆ.

ಪ್ರಶ್ನೆ: ಮೇಡಂ, ನನ್ನ ಮಗ ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಆಗುಂಬೆ ಘಾಟಿಯಲ್ಲಿ ಬೈಕ್ ಓಡಿಸಿ ವಿಡಿಯೊ ಹಾಕುವ ಹುಡುಗನೊಬ್ಬ ಅವನಿಗೆ ದೇವರಂತೆ. ಕುವೆಂಪು ಹುಟ್ಟಿದ ತಾಲ್ಲೂಕಿನಲ್ಲಿ ಇದ್ದುಕೊಂಡು ಇವನಿಗೆ ಬೇರೆ ಯಾರೂ ಸಿಗಲಿಲ್ಲವೇ? ಹೇಗೆ ತಿದ್ದಲಿ?
(ಅಡಿಕೆ ಬೆಳೆಗಾರರು, ತೀರ್ಥಹಳ್ಳಿ)

ಉತ್ತರ: ಮೊದಲು ಒಂದು ತಿದ್ದುಪಡಿ. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ಬೆಳೆದದ್ದು ನಿಮ್ಮ ತಾಲ್ಲೂಕಿನ ಕುಪ್ಪಳಿಯಲ್ಲಿ. ಗ್ರಂಥಾಲಯದಲ್ಲಿ ಬದುಕು ಸವೆಸಿದವಳಿಗೆ ಇಂಥದ್ದನ್ನು ತಿದ್ದದೆ ಮುಂದಕ್ಕೆ ಹೋಗಲು ಆಗುವುದಿಲ್ಲ, ಬೇಸರಿಸಬೇಡಿ.

ಇನ್ನು ಮಗನ ವಿಷಯ. ನಾನು ಕೆಲಸ ಮಾಡಿದ ಊರಿನ ಗ್ರಂಥಾಲಯದಲ್ಲಿ ಹುಡುಗರ ಹೀರೋ ಯಾರೆಂದು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ವಾರಪತ್ರಿಕೆಗಳಲ್ಲಿ ಯಾವ ಪುಟವನ್ನು ಬ್ಲೇಡಿನಿಂದ ಕತ್ತರಿಸಿದ್ದಾರೆ ಎಂದು ನೋಡಿದರೆ ಸಾಕಿತ್ತು. ನಾನು ಸೇರಿದ ಹೊಸತರಲ್ಲಿ, 1983ರ ವಿಶ್ವಕಪ್ ಗೆದ್ದ ಬೆನ್ನಿಗೆ, ಕಪಿಲ್ ದೇವ್ ಮಾಯವಾಗುತ್ತಿದ್ದರು. ಆಮೇಲೆ ಶಂಕರ್ ನಾಗ್. 1990ರಲ್ಲಿ ಅವರು ತೀರಿಕೊಂಡಾಗ ಒಂದು ವಾರದ ಯಾವ ಪತ್ರಿಕೆಯೂ ಇಡಿಯಾಗಿ ಉಳಿಯಲಿಲ್ಲ. ಆಮೇಲೆ ಸಚಿನ್, ಕಾರ್ಗಿಲ್ ಯುದ್ಧದ ಯೋಧರು, ಅಬ್ದುಲ್ ಕಲಾಂ. ಕುವೆಂಪು ಅವರ ಚಿತ್ರವನ್ನು ಮಾತ್ರ ಯಾರೂ ಕತ್ತರಿಸಿದ್ದು ನನಗೆ ನೆನಪಿಲ್ಲ. ಅವರು ಗೋಡೆಯ ಮೇಲೆ ಚೌಕಟ್ಟಿನೊಳಗೆ ಕ್ಷೇಮವಾಗಿದ್ದರು. ಆಗ ಬ್ಲೇಡು ಹಿಡಿದವರೇ ಈಗ ನಿಮ್ಮ ವಯಸ್ಸಿನ ಅಪ್ಪಂದಿರು. ನಿಮ್ಮನ್ನೇ ಅನುಮಾನಿಸುತ್ತಿಲ್ಲ, ಆದರೆ ನಿಮ್ಮ ಗೆಳೆಯರನ್ನು ಒಮ್ಮೆ ಕೇಳಿ ನೋಡಿ.

ಕುವೆಂಪು ಅವರ ಹೆಸರನ್ನೇ ಎತ್ತಿದ್ದೀರಿ, ಅವರ ಹದಿಹರೆಯವನ್ನೂ ನೋಡೋಣ. ಕುಪ್ಪಳಿಯ ಈ ಹುಡುಗ ಮೈಸೂರಿಗೆ ಓದಲು ಹೋದಾಗ ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಅವರ ಇಂಗ್ಲಿಷ್ ಪದ್ಯಗಳ ಪುಟ್ಟ ಪುಸ್ತಕವೂ ಬಂತು. ಆ ಹುಡುಗನಿಗೆ ದೊಡ್ಡವರಾಗಿ ಕಂಡವರು ಇಂಗ್ಲೆಂಡಿನ ಕವಿಗಳು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಅವರಿಗೆ ತನ್ನ ಪದ್ಯಗಳನ್ನು ತೋರಿಸಿದ. ಅವರು ನಿನ್ನ ನುಡಿಯಲ್ಲೇ ಬರೆ ಎಂದರು. ಹೊರಗಿನವರನ್ನು ಮೆಚ್ಚಿಕೊಂಡು ಹೋದ ಹುಡುಗನನ್ನು ಕನ್ನಡಕ್ಕೆ ತಿರುಗಿಸಿದವರೂ ಹೊರಗಿನವರೇ. ಕಸಿನ್ಸ್ ಆ ಹುಡುಗನ ಇಂಗ್ಲಿಷ್ ಪದ್ಯಗಳನ್ನು ಮೊದಲು ಓದಿದರು, ಸಲಹೆ ಕೊಟ್ಟದ್ದು ಆಮೇಲೆ. ನೀವು ಮಗನ ಮೊಬೈಲಿನಲ್ಲಿ ಆ ಬೈಕಿನವನ ಒಂದಾದರೂ ವಿಡಿಯೊವನ್ನು ಕೊನೆಯವರೆಗೆ ನೋಡಿದ್ದೀರಾ? ನೋಡಿರುವುದಿಲ್ಲ. ಮೊದಲು ನೋಡಿ.

ನೋಡಿದ ಮೇಲೆ ಮಗನನ್ನು ಒಂದು ಮಾತು ಕೇಳಿ: ಇವನು ಮಾಡಿದ ಒಂದು ಕೆಲಸವನ್ನು ನನಗೆ ವಿವರಿಸು. 'ಸೂಪರ್' ಎಂದರೆ ಉತ್ತರವಾಗಲಿಲ್ಲ. ಘಾಟಿಯ ಹದಿನಾಲ್ಕು ತಿರುವುಗಳಲ್ಲಿ, ಜುಲೈ ಮಳೆಯಲ್ಲಿ, ಎದುರಿನಿಂದ ಉಡುಪಿಯ ಬಸ್ ಬರುವಾಗ ಗೇರ್ ಯಾವುದರಲ್ಲಿ ಇಟ್ಟ, ಹೆಲ್ಮೆಟ್ ಹಾಕಿದ್ದನೇ, ಕ್ಯಾಮೆರಾ ಎಲ್ಲಿ ಕಟ್ಟಿದ್ದ, ಚಿತ್ರಗಳನ್ನು ಜೋಡಿಸುವುದನ್ನು ಎಲ್ಲಿ ಕಲಿತ, ಖರ್ಚಿಗೆ ಹಣ ಯಾರು ಕೊಡುತ್ತಾರೆ? ಮಗ ಇಷ್ಟನ್ನು ಹೇಳಿದರೆ ಅವನು ಏನೋ ಕಲಿಯುತ್ತಿದ್ದಾನೆ. ನಾಳೆ ಸಿಂಗಳೀಕದ ಬಗ್ಗೆ ಒಳ್ಳೆಯ ಚಿತ್ರ ತೆಗೆದರೂ ತೆಗೆದಾನು. ಹೇಳಲು ಬಾರದಿದ್ದರೆ, ತನಗೇ ಗೊತ್ತಿಲ್ಲದವನನ್ನು ಮೆಚ್ಚಿಕೊಂಡಿದ್ದೇನೆ ಎಂಬುದು ಅವನ ಅರಿವಿಗೆ ತಾನಾಗಿಯೇ ಬರುತ್ತದೆ. ನೀವು ತಿದ್ದುವ ಅಗತ್ಯ ಬೀಳುವುದಿಲ್ಲ. ಬೈಕಿನ ಬೀಗದ ಕೈ ಮಾತ್ರ ನಿಮ್ಮ ಹತ್ತಿರ ಇರಲಿ.

ಪ್ರಶ್ನೆ: ಗೆದ್ದವನೇ ಹೀರೋ ಅಲ್ಲವೇ? ಸೋತವರನ್ನು ಯಾರು ನೆನಪಿಡುತ್ತಾರೆ?
(ಪದವಿ ವಿದ್ಯಾರ್ಥಿ, ಭದ್ರಾವತಿ)

ಉತ್ತರ: ಭದ್ರಾವತಿಯವರಾಗಿ ಹೀಗೆ ಕೇಳುತ್ತೀರಲ್ಲ! ನಿಮ್ಮ ಊರಿನಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರ ಕಥೆಯನ್ನು ಮನೆಯಲ್ಲಿ ಯಾರೂ ಹೇಳಲಿಲ್ಲವೇ?

1980ರ ಫೆಬ್ರವರಿ, ಮುಂಬೈಯ ವಾಂಖೆಡೆ ಮೈದಾನ. ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ಎದುರಾಳಿ ಇಂಗ್ಲೆಂಡ್, ನಮ್ಮ ನಾಯಕ ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಆಗ ಆಡಲು ಬಂದ ವಿಕೆಟ್ ಕೀಪರ್ ಬಾಬ್ ಟೇಲರ್ ಸ್ವಲ್ಪ ಹೊತ್ತಿನಲ್ಲೇ ಹಿಂದೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥ್ ಅವರಿಗೆ ಅನ್ನಿಸಿತು. ಅಂಪೈರ್ ಹತ್ತಿರ ಮಾತನಾಡಿ ಟೇಲರ್ ಅವರನ್ನು ವಾಪಸು ಕರೆಸಿದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ ಪೇರಿಸಿದರು. ಭಾರತ ಆ ಟೆಸ್ಟನ್ನು 10 ವಿಕೆಟ್‌ಗಳಿಂದ ಸೋತಿತು.

ಆ ಪಂದ್ಯದಲ್ಲಿ ಶತಕ ಹೊಡೆದು 13 ವಿಕೆಟ್ ತೆಗೆದವರು ಬೋಥಮ್. ಆದರೂ ಆ ಟೆಸ್ಟಿನ ಮಾತು ಬಂದಾಗ ಈಗಲೂ ಜನ ಮೊದಲು ಹೇಳುವುದು ವಿಶ್ವನಾಥ್ ಅವರ ಹೆಸರನ್ನು. ವಿಶ್ವನಾಥ್ ಟೆಸ್ಟ್ ನಾಯಕರಾಗಿದ್ದದ್ದು ಎರಡೇ ಪಂದ್ಯಗಳಿಗೆ. ಸಿಕ್ಕ ಆ ಅಲ್ಪ ಅವಕಾಶದಲ್ಲೇ ಇಂಥದ್ದೊಂದು ಮಾಡಿಬಿಟ್ಟರು. ಇನ್ನು ನಿಮ್ಮ ಗೆಲುವಿನ ಲೆಕ್ಕಕ್ಕೂ ಅವರಲ್ಲಿ ಸರಕಿದೆ: 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನಲ್ಲಿ ಮೊದಲು ಸೊನ್ನೆ, ಮರು ಇನಿಂಗ್ಸ್‌ನಲ್ಲಿ 137. ಒಟ್ಟು 14 ಶತಕ ಹೊಡೆದರು, ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ.

ಪ್ರಶ್ನೆ: ಅಕ್ಕಾ, ಕಾಲೇಜಿನ ಭಾಷಣ ಸ್ಪರ್ಧೆಗೆ ಈಸೂರಿನ ಹುತಾತ್ಮರನ್ನು ಆರಿಸಿಕೊಂಡೆ. ಓದುತ್ತಾ ಹೋದಾಗ ಅಲ್ಲಿ ಇಬ್ಬರು ಅಧಿಕಾರಿಗಳು ಸತ್ತದ್ದು ಗೊತ್ತಾಯಿತು. ಅವರೂ ನಮ್ಮವರೇ ಅಲ್ಲವೇ? ಇದನ್ನು ಬಿಟ್ಟುಬಿಡು ಎಂದು ಉಪನ್ಯಾಸಕರು ಹೇಳುತ್ತಾರೆ. ಬಿಡಲೇ?
(ಬಿ.ಎ. ವಿದ್ಯಾರ್ಥಿನಿ, ಶಿಕಾರಿಪುರ)

ಉತ್ತರ: ಬಿಡಬೇಡಮ್ಮ. ಬಂದ ಪತ್ರಗಳಲ್ಲೆಲ್ಲ ನಿನ್ನದೇ ನನಗೆ ಹೆಚ್ಚು ಹಿಡಿಸಿತು.

ನಿನ್ನ ತಾಲ್ಲೂಕಿನ ಆ ಊರು 1942ರಲ್ಲಿ, ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ, ತಾನು ಸ್ವತಂತ್ರ ಎಂದು ಸಾರಿಕೊಂಡಿತು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಊರಿನವರು ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ಇದನ್ನು ಭಾಷಣದಲ್ಲಿ ಖಂಡಿತ ಹೇಳು, ಸಭೆ ನಗುತ್ತದೆ, ನಗಲಿ. ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರರು ಪೊಲೀಸರೊಂದಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಊರಿನವರು ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು, ಲಾಠಿ ಬೀಸಿತು, ಗುಂಡು ಹಾರಿತು, ಜನ ತಿರುಗಿಬಿದ್ದರು. ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಸತ್ತರು. ಆಮೇಲೆ ಊರಿನ ಮೇಲೆ ಪಡೆ ನುಗ್ಗಿತು, ಜನ ಕಾಡು ಸೇರಿದರು, ಹೆಂಗಸರೂ ಜೈಲು ಕಂಡರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಿದರು.

ಇದರಲ್ಲಿ ಅರ್ಧ ಮುಚ್ಚಿಟ್ಟು ಉಳಿದರ್ಧವನ್ನು ಹೂವಿನಲ್ಲಿ ಮುಚ್ಚಿದರೆ ಆ ಐವರು ಗೋಡೆಯ ಪಟಗಳಾಗುತ್ತಾರೆ, ಅಷ್ಟೆ. ಅಹಿಂಸೆಯ ಚಳವಳಿಯ ನಡುವೆ ಒಂದು ಊರಿನ ಸಿಟ್ಟು ಕೈಮೀರಿತು, ಅದರ ಬೆಲೆಯನ್ನು ಊರು ತನ್ನ ಮಕ್ಕಳ ಜೀವದಿಂದ ತೆತ್ತಿತು. ಎರಡನ್ನೂ ಹೇಳು. ಸತ್ತ ಅಧಿಕಾರಿಗಳ ಮನೆಯಲ್ಲೂ ಅಂದು ದೀಪ ಹಚ್ಚುವವರು ಇದ್ದರು ಎನ್ನು. ಆಮೇಲೆ ಐವರ ಹೆಸರನ್ನು ಒಂದೊಂದಾಗಿ, ಅವಸರ ಮಾಡದೆ ಉಚ್ಚರಿಸು. ಬಹುಮಾನ ಬಂದೀತೋ ಇಲ್ಲವೋ, ತೀರ್ಪುಗಾರರಲ್ಲಿ ಒಬ್ಬರಾದರೂ ಅಂದು ರಾತ್ರಿ ಪುಸ್ತಕ ತೆಗೆದು ಹುಡುಕುತ್ತಾರೆ.

ಪ್ರಶ್ನೆ: 'ನನ್ನ ಆದರ್ಶ ವ್ಯಕ್ತಿ' ಪ್ರಬಂಧಕ್ಕೆ ಅಮ್ಮನ ಬಗ್ಗೆ ಬರೆದೆ. ಎಲ್ಲರೂ ಅದನ್ನೇ ಬರೆಯುತ್ತಾರೆ ಎಂದು ಟೀಚರ್ ಕಡಿಮೆ ಅಂಕ ಕೊಟ್ಟರು.
(ಒಂಬತ್ತನೆಯ ತರಗತಿ, ಹೊಸನಗರ)

ಉತ್ತರ: ಪ್ರಬಂಧದ ಪ್ರತಿಯನ್ನೂ ಕಳಿಸಿದ್ದೀಯ, ಓದಿದೆ. 'ಅಮ್ಮ ಕರುಣಾಮಯಿ, ತ್ಯಾಗಮಯಿ, ಕಣ್ಣಿಗೆ ಕಾಣುವ ದೇವರು.' ಇದರಲ್ಲಿ ನಿನ್ನ ಅಮ್ಮ ಎಲ್ಲಿದ್ದಾರೆ? ಹೊಸನಗರದ ನಿನ್ನ ಅಮ್ಮನಿಗೂ ಹುಬ್ಬಳ್ಳಿಯ ಇನ್ಯಾರದೋ ಅಮ್ಮನಿಗೂ ವ್ಯತ್ಯಾಸವೇ ಕಾಣಲಿಲ್ಲ. ಅವರು ಎಷ್ಟು ಹೊತ್ತಿಗೆ ಏಳುತ್ತಾರೆ, ಕೊಟ್ಟಿಗೆಯಲ್ಲಿ ಏನು ಮಾಡುತ್ತಾರೆ, ಅಡಿಕೆ ಸುಲಿಯುವಾಗ ಯಾವ ಬೆರಳು ನೋಯುತ್ತದೆ, ಸ್ವಸಹಾಯ ಸಂಘದ ಲೆಕ್ಕ ಬರೆಯುವಾಗ ಯಾರ ಮೇಲೆ ರೇಗುತ್ತಾರೆ? ಅದನ್ನು ಬರೆ. ಬರೆಯಲು ಗೊತ್ತಾಗದಿದ್ದರೆ ಒಂದು ಭಾನುವಾರ ಅವರ ಹಿಂದೆಯೇ ಓಡಾಡು. ಇನ್ನೊಂದು ಮಾತು: ಅಮ್ಮನನ್ನು ದೇವರು ಎಂದವರ ಮನೆಯಲ್ಲಿ ಪಾತ್ರೆ ತೊಳೆಯುವವರು ಆ ದೇವರೇ ಆಗಿರುತ್ತಾರೆ, ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ಪ್ರಶ್ನೆ: ನಟರೊಬ್ಬರ ಹೆಸರನ್ನು ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದೇನೆ. ಈಗ ಅವರ ಮೇಲೆ ದೊಡ್ಡ ಆರೋಪ ಬಂದಿದೆ. ಗೆಳೆಯರು ನಗುತ್ತಾರೆ. ಅಭಿಮಾನಿಗಳ ಗುಂಪಿನವರು, ಅವರನ್ನು ಟೀಕಿಸುವವರನ್ನೆಲ್ಲ ಮೊಬೈಲಿನಲ್ಲಿ ಬೈಯಬೇಕು ಎನ್ನುತ್ತಾರೆ.
(ಹೆಸರು ಬೇಡ, ಶಿವಮೊಗ್ಗ)

ಉತ್ತರ: ಹಚ್ಚೆಗೆ ಸದ್ಯಕ್ಕೆ ತುಂಬು ತೋಳಿನ ಅಂಗಿ ಸಾಕು. ಆರೋಪದ ನಿಜ ಸುಳ್ಳು ನ್ಯಾಯಾಲಯಕ್ಕೆ ಬಿಟ್ಟದ್ದು. ಅವರಿಗೆ ಹಣ ಕೊಟ್ಟು ಇಟ್ಟುಕೊಂಡ ವಕೀಲರಿದ್ದಾರೆ, ನೀನು ಪುಕ್ಕಟೆ ವಕೀಲನಾಗಬೇಕಿಲ್ಲ. ಗುಂಪಿನಿಂದ ಇಂದೇ ಹೊರಗೆ ಬಾ. ಯಾವುದೋ ಹೆಣ್ಣುಮಗಳ ಪುಟಕ್ಕೆ ಹೋಗಿ ಹೊಲಸು ಬರೆದು ಬರುವ ಕೆಲಸವನ್ನು ಅಭಿಮಾನ ಎಂದು ಕರೆಯುವವರ ಜೊತೆ ನಿನಗೇನು ವ್ಯವಹಾರ? ಹಾಗೆ ಬರೆದದ್ದಕ್ಕೆ ಪೊಲೀಸರು ಬಂದಾಗ ಠಾಣೆಯ ಬೆಂಚಿನ ಮೇಲೆ ಕೂರುವವನು ನೀನು, ನಟರಲ್ಲ.

ಅಭಿಮಾನವೇ ತಪ್ಪು ಎಂದು ನಾನು ಹೇಳುವುದಿಲ್ಲ. 2006ರಲ್ಲಿ ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಅದೇ ಹೊತ್ತಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಕಲ್ಲು ತೂರಿದ್ದೂ ಬೆಂಕಿ ಹಚ್ಚಿದ್ದೂ ಅವರ ಹೆಸರಿನಲ್ಲೇ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಮುಂದಿನ ದಿನಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಮುಂದೆ ಬಂದವರಲ್ಲಿ ಅಪ್ಪು ಚಿತ್ರಗಳಿಗೆ ಶಿಳ್ಳೆ ಹೊಡೆದ ಹುಡುಗರೇ ಹೆಚ್ಚು. ಅವರು ತಮ್ಮ ನಟ ಮಾಡಿದ ಒಂದು ಕೆಲಸವನ್ನು ಆರಿಸಿಕೊಂಡು ತಾವೂ ಮಾಡಿದರು. ನಿನ್ನ ನಟ ಮಾಡಿದ, ನೀನೂ ಮಾಡಬಹುದಾದ ಒಂದು ಕೆಲಸ ಹೊಳೆಯುತ್ತದೆಯೇ? ಹೊಳೆದರೆ ಮಾಡು. ಇಲ್ಲವಾದರೆ ಹಚ್ಚೆ ಅಳಿಸುವವರು ಶಿವಮೊಗ್ಗದಲ್ಲೂ ಸಿಗುತ್ತಾರೆ. ನೋಯುತ್ತದೆ, ಹಾಕಿಸಿಕೊಂಡದ್ದಕ್ಕಿಂತ ಖರ್ಚೂ ಹೆಚ್ಚು.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳನ್ನು ಯಾರಂತೆ ಆಗುತ್ತೀರಿ ಎಂದರೆ ಐಎಎಸ್, ಸೈನಿಕ, ಕ್ರಿಕೆಟಿಗ, ಯೂಟ್ಯೂಬರ್ ಎನ್ನುತ್ತಾರೆ. ಊರಿನಲ್ಲಿ ಇರುವವರನ್ನು ಒಬ್ಬರೂ ಹೆಸರಿಸುವುದಿಲ್ಲ. ನಾವೇನು ಮಾಡಬಹುದು?
(ಪ್ರಾಥಮಿಕ ಶಾಲೆಯ ಶಿಕ್ಷಕರು, ಸೊರಬ)

ಉತ್ತರ: ಮೇಷ್ಟ್ರೇ, ಮಕ್ಕಳನ್ನು ದೂರುವುದು ಕಷ್ಟ. ಊರಿನಲ್ಲಿ ಇರುವವನು ಎಂದರೆ ಬೆಂಗಳೂರಿಗೆ ಹೋಗಲು ಆಗದೆ ಉಳಿದವನು ಎಂದು ನಾವೇ ಮದುವೆ ಮನೆಗಳಲ್ಲಿ ಕುಳಿತು ಮಾತನಾಡುತ್ತೇವೆ, ಮಕ್ಕಳು ಪಕ್ಕದಲ್ಲೇ ಕೋಸಂಬರಿ ತಿನ್ನುತ್ತಿರುತ್ತವೆ. ತೋಟವಿರುವ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ ಎನ್ನುವವರೇ ರೈತ ದೇಶದ ಬೆನ್ನೆಲುಬು ಎಂದು ಪ್ರಬಂಧ ಬರೆಸುತ್ತಾರೆ.

ಹೇಳಿದರೆ ಕೇಳುವುದಿಲ್ಲ, ತೋರಿಸಿ. ನಿಮ್ಮ ಸುತ್ತ ಈಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಅಡಿಕೆ ಕೊನೆ ಇಳಿಸುವ ಹುಡುಗರಿದ್ದಾರೆ. ಮೊದಲು ಕೊನೆಗೌಡರು ಜೀವ ಕೈಯಲ್ಲಿ ಹಿಡಿದು ಮರದಿಂದ ಮರಕ್ಕೆ ಜೀಕುತ್ತಿದ್ದರು. ಬಿದ್ದು ಸೊಂಟ ಮುರಿದುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ದೋಟಿಯ ಹುಡುಗನೊಬ್ಬನನ್ನು ಶಾಲೆಗೆ ಕರೆಸಿ. ಅಂಗಳದಲ್ಲಿ ದೋಟಿ ಉದ್ದ ಮಾಡಿ ನಿಲ್ಲಿಸಲಿ, ಕತ್ತು ಎತ್ತಿ ನೋಡುವ ಮಕ್ಕಳ ಬಾಯಿ ಮುಚ್ಚುವುದಿಲ್ಲ. ದಿನಕ್ಕೆ ಎಷ್ಟು ದುಡಿಯುತ್ತಾನೆ ಎಂಬುದನ್ನೂ ಅವನ ಬಾಯಿಂದಲೇ ಹೇಳಿಸಿ, ಮಕ್ಕಳಿಗೆ ದುಡ್ಡಿನ ಮಾತು ಬೇಗ ತಿಳಿಯುತ್ತದೆ.

ಇನ್ನು ನಿಮ್ಮ ಸೊರಬ. ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯ ಪುಸ್ತಕಗಳಲ್ಲೆಲ್ಲ ಇದೆ: 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಉಣುಗಿನಿಂದ ಹರಡುವ ಈ ಜ್ವರ ಬೇಸಿಗೆಯ ಮುಂಚೆಯೇ ಶುರುವಾಗುತ್ತದೆ, ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋದವರನ್ನೇ ಹಿಡಿಯುತ್ತದೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಕೆರಳಿದಾಗ ಜನ ಊರು ಬಿಡುವ ಮಾತನಾಡುತ್ತಿದ್ದರು. ಆಗಲೂ ಆಶಾ ಕಾರ್ಯಕರ್ತೆಯರು ಮನೆ ಮನೆ ತಿರುಗಿದರು. ಮೈಗೆ ಹಚ್ಚುವ ಎಣ್ಣೆ ಕೊಟ್ಟರು, ಜ್ವರ ಬಂದವರ ಹೆಸರು ಬರೆದುಕೊಂಡರು, ಎಲ್ಲಿ ಮಂಗ ಸತ್ತಿದೆ ಎಂದು ವಿಚಾರಿಸಿದರು. ಅವರ ಕೈಗೆ ಸಿಗುವುದು ಸಂಬಳವೂ ಅಲ್ಲ, ಗೌರವಧನ. ಅದಕ್ಕಾಗಿ ಆಗಾಗ ಬೀದಿಯಲ್ಲಿ ಕೂರಬೇಕು. ನಿಮ್ಮ ಶಾಲೆಯಲ್ಲೇ ಆಶಾ ಕಾರ್ಯಕರ್ತೆಯೊಬ್ಬರ ಮಗುವೋ ಮೊಮ್ಮಗುವೋ ಇರಬಹುದು. ಹೋಗಿ ನಿನ್ನ ಅಮ್ಮನನ್ನು ಕರೆದುಕೊಂಡು ಬಾ, ಪಾಠ ಮಾಡಲಿ ಎಂದು ಹೇಳಿ ನೋಡಿ, ಆ ಮಗುವಿನ ನಡಿಗೆಯೇ ಬೇರೆಯಾಗುತ್ತದೆ.

ಮೈಸೂರಿನಲ್ಲಿ ಓದಿ ವಾಪಸು ಹೆಗ್ಗೋಡಿಗೆ ಬಂದ ಕೆ.ವಿ. ಸುಬ್ಬಣ್ಣನವರ ಬಗ್ಗೆ ಹಿರಿಯ ತರಗತಿಯವರಿಗೆ ಹೇಳಿ. 1949ರಲ್ಲಿ ಹುಟ್ಟಿದ ನೀನಾಸಂ ಎಂಬ ಹಳ್ಳಿಯ ನಾಟಕ ಸಂಘವನ್ನು ಕಟ್ಟಿ ಬೆಳೆಸಿ, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಅಡಿಕೆ ತೋಟ ಬಿಟ್ಟವರಲ್ಲ. ಹೆಗ್ಗೋಡು ನಿಮ್ಮಲ್ಲಿಂದ ಒಂದು ದಿನದ ಪ್ರವಾಸ.

ಪ್ರಶ್ನೆ: ಎಲ್ಲರಿಗೂ ಬುದ್ಧಿ ಹೇಳುತ್ತೀರಿ. ನಿಮ್ಮ ಹೀರೋ ಯಾರು ಮೇಡಂ? ಒಂದೇ ಸಾಲಿನಲ್ಲಿ ಹೇಳಿ.
(ಪಾಲಿಟೆಕ್ನಿಕ್ ವಿದ್ಯಾರ್ಥಿ, ಸಾಗರ)

ಉತ್ತರ: ಕಾಗೋಡು ರೈತ ಸತ್ಯಾಗ್ರಹದ ಎಚ್. ಗಣಪತಿಯಪ್ಪ. ಒಂದು ಸಾಲು ಮುಗಿಯಿತು. ಆದರೆ ಏನು ಮಾಡಿದರು ಎಂದು ನೀನು ಕೇಳಬೇಕು, ಹಾಗಾಗಿ ಇನ್ನಷ್ಟು.

ಗೇಣಿದಾರರು ಬೆಳೆದ ಭತ್ತವನ್ನು ಒಡೆಯರು ಅಳೆದುಕೊಳ್ಳುತ್ತಿದ್ದ ಕೊಳಗ ವ್ಯವಹಾರದ ಕೊಳಗಕ್ಕಿಂತ ದೊಡ್ಡದು. ಎಲ್ಲರ ಕಣ್ಣಿಗೂ ಕಾಣುತ್ತಿದ್ದ ಮೋಸ, ಯಾರೂ ಬಾಯಿ ಬಿಡುತ್ತಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಈ ಯುವಕ ಊರೂರು ತಿರುಗಿ ರೈತರನ್ನು ಸೇರಿಸಿ ಸಂಘ ಕಟ್ಟಿದರು. 1951ರಲ್ಲಿ ಗೇಣಿದಾರರನ್ನು ಭೂಮಿಯಿಂದ ಎಬ್ಬಿಸಿದಾಗ ಅವರು ಗುಂಪು ಗುಂಪಾಗಿ ಗದ್ದೆಗೆ ಇಳಿದು ಬಂಧನಕ್ಕೆ ಒಳಗಾದರು. ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ನಿನ್ನ ಊರಿನ ರೈಲು ನಿಲ್ದಾಣದಲ್ಲೇ ಬಂಧಿತರಾದರು. ಚರಿತ್ರೆಯಲ್ಲಿ ಆ ಇಬ್ಬರ ಹೆಸರು ದೊಡ್ಡ ಅಕ್ಷರದಲ್ಲಿದೆ, ಇರಲಿ. ಕೊಳಗವನ್ನು ಕೈಯಲ್ಲಿ ಹಿಡಿದು ಇದು ದೊಡ್ಡದಾಯಿತು ಎಂದು ಮೊದಲು ಹೇಳಲು ಬೇಕಾದ ಧೈರ್ಯ ನನಗೆ ಹೆಚ್ಚು ಬೆರಗು ಹುಟ್ಟಿಸುತ್ತದೆ.

ಕಾಗೋಡು ನಿನಗೆ ದೂರವೇನಲ್ಲ. ಒಂದು ಭಾನುವಾರ ಹೋಗಿ ಅಲ್ಲಿನ ಹಿರಿಯರನ್ನು ಕೇಳು: ಒಡೆಯರ ಕೊಳಗದಲ್ಲಿ ಎಷ್ಟು ಸೇರು ಹಿಡಿಯುತ್ತಿತ್ತು? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಎಲ್ಲವನ್ನೂ ಬರೆದುಕೊಂಡು ನನಗೆ ಕಳಿಸು.